ಡಬ್ಬಿಯೋ, ಬಟನ್ನೋ? ಬೀದರ ಜಿಲ್ಲೆ ಒತ್ತಿ ನೋಡಿದೆ!

ಘಾಟಬೋರಾಳ: ಪಂಚಾಯತಿ ಚುನಾವಣೆ ಅಂದ್ರೆ ಸಣ್ಣ ಮಾತು ಅಂತ ತಿಳಿದವರು ಹುಮನಾಬಾದ ತಾಲೂಕಿನ ಯಾವುದೇ ಊರ ಕಟ್ಟೆ ಮೇಲೆ ಒಂದು ಗಳಿಗೆ ಕೂತು ಕೇಳಬೇಕು. ದಿಲ್ಲಿಗೆ ಯಾರೇ ಹೋಗಲಿ, ನಳದಾಗ ನೀರು ಬರಲಿಲ್ಲ ಅಂದ್ರೆ ಜನ ಹುಡುಕೋದು ವಾರ್ಡಿನ ಮೆಂಬರನ್ನ. ಇಲ್ಲಿ ಎರಡು ವೋಟಿನಲ್ಲಿ ಗೆದ್ದವರೂ ಉಂಟು, ಒಂದು ವೋಟಿನಲ್ಲಿ ಸೋತು ತಲೆಗೆ ಕೈ ಹಚ್ಚಿದವರೂ ಉಂಟು. ವೋಟು ಸಮ ಬಿದ್ದರೆ ಚೀಟಿ ಎತ್ತಿ ತೀರ್ಮಾನ!

ಹೀಗಿರುವಾಗ ಆ ವೋಟನ್ನು ಎಲ್ಲಿ ಹಾಕಬೇಕು? ಕಾಗದದ ಮೇಲೋ, ಯಂತ್ರದ ಒಳಗೋ? ಈ ವಾದದಲ್ಲಿ ಮಾತಾಡುವ ಹಕ್ಕು ಬೀದರ ಜಿಲ್ಲೆಗೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಇದೆ.

ರಾಜ್ಯಕ್ಕೊಂದು ದಾರಿ, ಬೀದರಕ್ಕೊಂದು

2020ರ ಡಿಸೆಂಬರ್ 22 ಮತ್ತು 27ರಂದು ಕರ್ನಾಟಕದ 5,700ಕ್ಕೂ ಹೆಚ್ಚು ಗ್ರಾಮ ಪಂಚಾಯತಿಗಳಿಗೆ ಮತದಾನ ನಡೆಯಿತು. ಉಳಿದ ಜಿಲ್ಲೆಗಳಲ್ಲಿ ಮತಪತ್ರ, ಸಿಕ್ಕೆ, ಡಬ್ಬಿ. ಬೀದರ ಜಿಲ್ಲೆಯಲ್ಲಿ ಮಾತ್ರ ವಿದ್ಯುನ್ಮಾನ ಯಂತ್ರ! 30ರಂದು ಎಣಿಕೆ. ಬೇರೆ ಕಡೆ ಮತಪತ್ರ ಬಿಡಿಸಿ, ಕಟ್ಟು ಕಟ್ಟಿ, ಎಣಿಸುವುದರಲ್ಲಿ ರಾತ್ರಿಯಾಗಿ ಸಿಬ್ಬಂದಿ ಸುಸ್ತು ಹೊಡೆದರು.

ಪಂಚಾಯತಿ ವೋಟು ಎಣಿಸೋದು ಸಲೀಸಲ್ಲ. ಒಂದೇ ವಾರ್ಡಿಗೆ ಇಬ್ಬರು, ಮೂವರು ಮೆಂಬರು ಇರಬಹುದು. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ವೋಟು. ಪಕ್ಷದ ಗುರುತು ಇಲ್ಲ. ಅಕ್ಷರ ಬಾರದ ಮುದುಕಿ ಒಂದು ಸಿಕ್ಕೆ ಹೆಚ್ಚಿಗೆ ಒತ್ತಿದಳೋ, ಗೆರೆ ಮೇಲೆ ಒತ್ತಿದಳೋ, ವೋಟು ಕುಲಗೆಟ್ಟಿತು. ಎರಡು ವೋಟಿನ ಸೋಲು ಗೆಲುವಿನಲ್ಲಿ ಹತ್ತು ವೋಟು ಕುಲಗೆಟ್ಟರೆ ಊರಿನ ಹಣೆಬರಹವೇ ಬದಲು. ಯಂತ್ರದಲ್ಲಿ ಈ ತಾಪತ್ರಯ ಇಲ್ಲ.

ನಲವತ್ತು ವರ್ಷ ದಾಟಿದ ಜಗಳ

ಯಂತ್ರ ನಿನ್ನೆ ಮೊನ್ನೆ ಬಂದದ್ದಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಬಂತು. ಕಾಯ್ದೆಯಲ್ಲಿ ಇದಕ್ಕೆ ಜಾಗವೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟು ಆ ಮತಗಟ್ಟೆಗಳ ಮತದಾನವನ್ನೇ ರದ್ದು ಮಾಡಿತು. ಆಮೇಲೆ ಕಾಯ್ದೆ ತಿದ್ದಿದರು. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ದೇಶಕ್ಕೆಲ್ಲ ಯಂತ್ರವೇ. ಮಾಡುವವರು ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ಬೆರಳಿಗೆ ಹಚ್ಚುವ ಮಸಿ ಮಾತ್ರ ಹಳೇ ಮೈಸೂರು ಕಾರ್ಖಾನೆಯದೇ!

ಆದರೆ ಅನುಮಾನ ಹೋಗಲಿಲ್ಲ. "ಒತ್ತಿದ್ದು ಒಬ್ಬರಿಗೆ, ಬಿದ್ದದ್ದು ಇನ್ನೊಬ್ಬರಿಗೆ ಅಂದ್ರೆ ಏನ್ರೀ ಮಾಡೋದು?" ಅನ್ನೋದು ಚಹಾದಂಗಡಿ ಪ್ರಶ್ನೆ. ಇದಕ್ಕೇ 2013ರಿಂದ ಚೀಟಿ ತೋರಿಸುವ ಪೆಟ್ಟಿಗೆ ಬಂತು. ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಒಳಗೆ ಬೀಳುತ್ತದೆ. 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ತಳ್ಳಿಹಾಕಿತು.

ಮುಗಿಯಿತೇ? ಇಲ್ಲ! 2025ರ ಸೆಪ್ಟೆಂಬರ್ 4ರಂದು ರಾಜ್ಯ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಯಂತ್ರದ ಮೇಲೆ ಜನರ ನಂಬಿಕೆ ಕುಂದಿದೆ ಅನ್ನೋದು ಸರಕಾರದ ಕಾರಣ. ಮತಪತ್ರದ ಕಾಲದಲ್ಲಿ ಡಬ್ಬಿಗೆ ನೀರು ಹೊಯ್ದದ್ದು, ಬೂತ್ ಹಿಡಿದದ್ದು ಮರೆತುಹೋಯಿತೇ ಅನ್ನೋದು ಎದುರು ವಾದ. ಎರಡರಲ್ಲೂ ತಿರುಳಿದೆ. ಕಾಗದ ಕಣ್ಣಿಗೆ ಕಾಣುತ್ತದೆ; ಯಂತ್ರ ಕೈಕೆಲಸ ಕಡಿಮೆ ಮಾಡುತ್ತದೆ.

ಬಸ್ಸಿನಲ್ಲಿರುವವರ ವೋಟು?

ಇನ್ನೊಂದು ಮಾತನ್ನು ಯಾರೂ ಜೋರಾಗಿ ಆಡುತ್ತಿಲ್ಲ. ಈ ಭಾಗದಿಂದ ಹೈದರಾಬಾದು, ಪುಣೆ, ಮುಂಬಯಿಗೆ ದುಡಿಯಲು ಹೋದವರ ವೋಟು ಎಲ್ಲಿ? ಊರಿನ ಪಟ್ಟಿಯಲ್ಲಿ ಹೆಸರು, ಪರಊರಿನಲ್ಲಿ ಮೈ. ಒಂದು ವೋಟಿಗಾಗಿ ಬಸ್ ಚಾರ್ಜು ಕೊಟ್ಟು, ಎರಡು ದಿನದ ಕೂಲಿ ಬಿಟ್ಟು ಬರಬೇಕು. ದುಡಿಯುವ ಊರಿನಿಂದಲೇ ಮತ ಹಾಕುವ ಯಂತ್ರವನ್ನು ಕೇಂದ್ರ ಚುನಾವಣಾ ಆಯೋಗ 2023ರ ಜನವರಿ 16ರಂದು ಪಕ್ಷಗಳ ಮುಂದಿಟ್ಟಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ! ವಿರೋಧ ಪಕ್ಷಗಳು ಒಪ್ಪಲಿಲ್ಲ. ಅದು ಚುನಾವಣೆಗೆ ಇಳಿಯಲಿಲ್ಲ. ಯಂತ್ರ ಬೇಕೋ ಬೇಡವೋ ಅನ್ನುವ ಗದ್ದಲದಲ್ಲಿ ಕೂಲಿಕಾರನ ವೋಟು ಬಸ್ ಸ್ಟ್ಯಾಂಡಿನಲ್ಲೇ ಉಳಿಯಿತು.

ಐದು ವರ್ಷಕ್ಕೊಮ್ಮೆ ಸಾಕೇ?

ಬಸವಕಲ್ಯಾಣ ಇಲ್ಲಿಂದ ದೂರವಲ್ಲ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಅಂಬಿಗ, ಮಾದಾರ, ಮಡಿವಾಳ ಎಲ್ಲರೂ ಅನುಭವ ಮಂಟಪದಲ್ಲಿ ಕೂತು ಮಾತಾಡಿದರು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಇವತ್ತಿನ ಮಂಟಪ ಗ್ರಾಮಸಭೆ. ಖರ್ಚು ವೆಚ್ಚದ ಲೆಕ್ಕ ಕೇಳುವ ಹಕ್ಕು ಅಲ್ಲಿ ಎಲ್ಲ ಮತದಾರರಿಗೂ ಇದೆ. ಪಂಚಾಯತಿ ಲೆಕ್ಕ ಕಂಪ್ಯೂಟರಿಗೆ ಏರಿದೆ, 2016ರಿಂದ ಬಾಪೂಜಿ ಸೇವಾ ಕೇಂದ್ರಗಳೂ ಬಂದವು. ಆದರೆ ಕಂಪ್ಯೂಟರು ಪ್ರಶ್ನೆ ಕೇಳೋದಿಲ್ಲ. ಕೇಳೋದು ಬಾಯಿ.

ಹಾಗಾಗಿ ಮುಂದಿನ ಸಲ ಡಬ್ಬಿ ಬರಲಿ, ಬಟನ್ ಬರಲಿ, ಮೊದಲು ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿಕೊಳ್ಳಿ. ಬೆಳಿಗ್ಗೆ ಅಣಕು ಮತದಾನದ ಹೊತ್ತಿಗೆ ನಿಮ್ಮ ಏಜೆಂಟ್ ಮತಗಟ್ಟೆಯಲ್ಲಿ ಇರಲಿ. ಕಾವಲು ಕಾಯದ ಹೊಲಕ್ಕೆ ಬೇಲಿ ಕಲ್ಲಿನದಾದರೇನು, ತಂತಿಯದಾದರೇನು?