ಲಿನಕ್ಸ್ ಗಣಕಯಂತ್ರಕ್ಕೆ ಯಾವ ಗಣಿತ ತಂತ್ರಾಂಶ?

ಕಾಸರಗೋಡು ಸೀಮೆಯ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು ಕ್ರಮೇಣ ಈ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನೇ ಶಾಲೆಗಳಿಗೆ ತಂದಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಆದರೆ ಮಗನೋ ಮಗಳೋ ಪ್ಲಸ್ ಟು ವಿಜ್ಞಾನ ವಿಭಾಗವನ್ನು ಸೇರಿದೊಡನೆ ಹೆತ್ತವರ ಮನಸ್ಸಿನಲ್ಲಿ ಅಳುಕು ಹುಟ್ಟುತ್ತದೆ. “ಮುಂದೆ ಇಂಜಿನಿಯರಿಂಗಿಗೆ ಮ್ಯಾಟ್‌ಲ್ಯಾಬ್ ಬೇಕಂತೆ. ಈ ಧರ್ಮಕ್ಕೆ ಸಿಗುವುದು ಸಾಕಾದೀತೇ ಮಾಷ್ಟ್ರೇ?” ಎಂದು ಕೇಳುವವರುಂಟು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇದೊಂದರಲ್ಲಿಯೂ ಹಿಂದೆ ಬೀಳಬಾರದೆಂಬ ಕಾಳಜಿ ಅದರ ಹಿಂದಿದೆ. ಆ ಭಯದಲ್ಲಿ ಪೇಟೆಯಿಂದ ಕದ್ದ ಪ್ರತಿಯನ್ನು ತರುವವರೂ ಇದ್ದಾರೆ. ನೆರೆಯವರ ತೋಟದ ಅಡಕೆಯನ್ನು ಮುಟ್ಟಬಾರದೆಂದು ಕಲಿಸುವ ಮನೆಗಳಿಗೆ ಇದು ಒಪ್ಪುವ ಕೆಲಸವಲ್ಲ. ಅದರ ಅಗತ್ಯವೂ ಇಲ್ಲ.

ಯಾವುದು ಶ್ರೇಷ್ಠ ಎಂದು ಕೇಳುವ ಬದಲು, ನಮಗೆ ಬೇಕಾದ ಉತ್ತರ ಯಾವ ಬಗೆಯದು ಎಂದು ಕೇಳಿಕೊಳ್ಳುವುದು ಲೇಸು. ಮ್ಯಾಕ್ಸಿಮಾ, ಆಕ್ಟೇವ್ ಎಂಬ ಎರಡು ಉಚಿತ ತಂತ್ರಾಂಶಗಳಿಗೆ ಒಂದೇ ಲೆಕ್ಕವನ್ನು ಕೊಟ್ಟು ನೋಡಿರಿ. 8ರ ವರ್ಗಮೂಲವೆಷ್ಟು? ಆಕ್ಟೇವ್ 2.8284 ಎನ್ನುತ್ತದೆ, ಮ್ಯಾಕ್ಸಿಮಾ 2ರ ಘಾತ 3/2 ಎಂದು ಕರಾರುವಾಕ್ಕಾಗಿ ಬರೆಯುತ್ತದೆ. 1ರಿಂದ 100ರವರೆಗಿನ ಸಂಖ್ಯೆಗಳ ಗುಣಲಬ್ಧವನ್ನು ಕೇಳಿದರೆ ಮ್ಯಾಕ್ಸಿಮಾ 158 ಅಂಕಿಗಳನ್ನೂ ಲೆಕ್ಕ ಹಾಕಿ ಕೊಡುತ್ತದೆ. ಆಕ್ಟೇವ್ ಸುಮಾರು 9.3326 ಗುಣಿಸು 10ರ ಘಾತ 157 ಎಂದು ಹೇಳಿ ಸುಮ್ಮನಾಗುತ್ತದೆ. 0.1 ಮತ್ತು 0.2 ಕೂಡಿದರೆ 0.3ಕ್ಕೆ ಸಮವೇ ಎಂದು ಆಕ್ಟೇವನ್ನು ಕೇಳಿದರಂತೂ ‘ಅಲ್ಲ’ ಎಂಬ ಅರ್ಥದ 0 ಬರುತ್ತದೆ! ಯಂತ್ರವು ಕೆಟ್ಟಿಲ್ಲ. ಮೂರನೆಯ ಒಂದನ್ನು ದಶಮಾಂಶದಲ್ಲಿ ಬರೆದು ಮುಗಿಸಲು ನಮಗೆ ಹೇಗೆ ಅಸಾಧ್ಯವೋ ಹಾಗೆಯೇ ಹತ್ತನೆಯ ಒಂದನ್ನು ದ್ವಿಮಾನದಲ್ಲಿ ಬರೆದು ಮುಗಿಸಲು ಯಂತ್ರಕ್ಕೆ ಅಸಾಧ್ಯ.

ಆದುದರಿಂದ ಅಪವರ್ತನ, ಸಮೀಕರಣ, ಕಲನಶಾಸ್ತ್ರಗಳನ್ನು ಕಲಿಯುವ ಪ್ಲಸ್ ಟು ವಿದ್ಯಾರ್ಥಿಗೆ ಮ್ಯಾಕ್ಸಿಮಾ ಯೋಗ್ಯ. 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಮ್ಯಾಕ್ಸಿಮಾದ ಪೂರ್ವಜವನ್ನು ವಿಲಿಯಂ ಶೆಲ್ಟರ್ ಎಂಬ ಪ್ರಾಧ್ಯಾಪಕರು 1982ರಿಂದ ಕಾಪಾಡಿಕೊಂಡು ಬಂದರು. 1998ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿಸುವ ಅನುಮತಿಯನ್ನು ಪಡೆದರು. 2001ರಲ್ಲಿ ಅವರು ತೀರಿಕೊಂಡ ಬಳಿಕ ಸ್ವಯಂಸೇವಕರು ಅದನ್ನು ಬೆಳೆಸುತ್ತಿದ್ದಾರೆ.

ಇಂಜಿನಿಯರಿಂಗಿಗೆ ಹೋಗುವವರಿಗೆ ಆಕ್ಟೇವ್. ಜಾನ್ ಈಟನ್ ಎಂಬವರು 1992ರಲ್ಲಿ ಅದನ್ನು ಬರೆಯಲು ತೊಡಗಿದರು. ಅದರ ಹೆಸರಿಗೂ ಸಂಗೀತಕ್ಕೂ ಸಂಬಂಧವಿಲ್ಲ. ಅಂದಾಜು ಲೆಕ್ಕವನ್ನು ಕ್ಷಣದಲ್ಲಿ ಹೇಳುತ್ತಿದ್ದ ತಮ್ಮ ಗುರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನು ಈಟನ್ ಇಟ್ಟರು. (ಗುರುದಕ್ಷಿಣೆಯೆಂದರೆ ಹೀಗಿರಬೇಕು!) ಮ್ಯಾಟ್‌ಲ್ಯಾಬಿನ ಭಾಷೆಯೂ ಇದರ ಭಾಷೆಯೂ ಬಹುಮಟ್ಟಿಗೆ ಒಂದೇ. ಇಲ್ಲಿ ಕೈ ಪಳಗಿದವನು ಅಲ್ಲಿ ತಡವರಿಸುವುದಿಲ್ಲ. ಸಿಮ್ಯುಲಿಂಕ್‌ನಂತಹ ವಿಶೇಷ ಭಾಗಗಳು ಮಾತ್ರ ಆಕ್ಟೇವಿನಲ್ಲಿಲ್ಲ. ಅವು ಬೇಕಾದಾಗ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಸಬಹುದು. ಮ್ಯಾಟ್‌ಲ್ಯಾಬ್ ಸಹ ಲಿನಕ್ಸಿನಲ್ಲಿ ಓಡುತ್ತದೆ.

ರೇಖಾಗಣಿತಕ್ಕೆ ಮಕ್ಕಳು ಶಾಲೆಯಲ್ಲಿಯೇ ಬಲ್ಲ ಜಿಯೋಜೀಬ್ರಾ ಸಾಕು. ತ್ರಿಕೋನದ ಶೃಂಗವನ್ನು ಎಳೆದಾಡಿದರೂ ಮೂರು ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಕೂಡುವುದನ್ನು ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ತೋರಿಸಲು ನಮ್ಮಿಂದಾಗದು. ಇದನ್ನು ಲಾಭದ ಉದ್ಯಮಕ್ಕೆ ಬಳಸಲು ಪ್ರತ್ಯೇಕ ಅನುಮತಿ ಬೇಕು. ಮನೆಯ ಓದಿಗೆ ಅಡ್ಡಿಯಿಲ್ಲ. 2005ರಲ್ಲಿ ವಿಲಿಯಂ ಸ್ಟೈನ್ ಆರಂಭಿಸಿದ ಸೇಜ್ ಹಲವು ತಂತ್ರಾಂಶಗಳನ್ನು ಒಂದೆಡೆ ಕೂಡಿಸಿದ ಭಂಡಾರ. ಆದರೆ ಅದು ಹಲವು ಗಿಗಾಬೈಟ್ ಜಾಗವನ್ನು ಬೇಡುತ್ತದೆ. ಗಣಿತದಲ್ಲಿ ಪದವಿಗೆ ಸೇರಿದ ಮೇಲೆ ನೋಡಿಕೊಳ್ಳಬಹುದು.

ಮ್ಯಾಕ್ಸಿಮಾ ಮತ್ತು ಆಕ್ಟೇವ್ ಎರಡೂ ಉಬುಂಟುವಿನ ತಂತ್ರಾಂಶ ಭಂಡಾರದಲ್ಲಿಯೇ ದೊರೆಯುತ್ತವೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಆಜ್ಞೆಗಳು ಇಂಗ್ಲಿಷಿನವಾದರೂ ಆರಂಭಕ್ಕೆ ಹತ್ತು ಹನ್ನೆರಡು ಪದಗಳು ಸಾಕು. ಮ್ಯಾಕ್ಸಿಮಾವನ್ನು ಹಾಕಿಕೊಳ್ಳುವವರು ‘ಡಬ್ಲ್ಯುಎಕ್ಸ್ ಮ್ಯಾಕ್ಸಿಮಾ’ ಎಂಬ ಹೆಸರಿನದನ್ನೇ ಆರಿಸಿಕೊಳ್ಳಲಿ; ಅದರಲ್ಲಿ ಪಟ್ಟಿಯಿಂದ ಆಯ್ದು ಒತ್ತುವ ಅನುಕೂಲವಿದೆ. ಲೆಕ್ಕ ಬರೆದ ಬಳಿಕ ಬರೀ ಎಂಟರ್ ಒತ್ತಿದರೆ ಹೊಸ ಸಾಲು ಮೂಡುತ್ತದೆಯೇ ಹೊರತು ಉತ್ತರ ಬಾರದು. ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದು ಎಂಟರ್ ಒತ್ತಬೇಕು.