ಮಾನವನ ಪೂರ್ವಕಥೆ: ವಿದ್ಯಾರ್ಥಿಯ ಕೈಗೆ ಏನನ್ನು ಕೊಡಬೇಕು?

ಪ್ರೌಢಶಾಲೆಯಲ್ಲಿ ಓದುವ ಹುಡುಗನೋ ಹುಡುಗಿಯೋ ಮನೆಗೆ ಬಂದು, “ಮನುಷ್ಯನು ಕೋತಿಯಿಂದ ಹುಟ್ಟಿದನೆಂದರೆ ಕೋತಿಗಳು ಇನ್ನೂ ಏಕೆ ಉಳಿದಿವೆ?” ಎಂದು ಕೇಳುವುದುಂಟು. ಪ್ರಶ್ನೆಯು ಸೊಗಸಾದುದೇ. ನಾವು ಹಿರಿಯರು ನಕ್ಕು ಸುಮ್ಮನಾಗುವುದು ಮಾತ್ರ ಸೊಗಸಲ್ಲ. 2023ರಲ್ಲಿ ಹೊರಬಂದ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಿಂದ ಜೀವವಿಕಾಸದ ಭಾಗವನ್ನೇ ತೆಗೆದುಹಾಕಿದ್ದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿದಿದ್ದಿತು, ನಿಜ. ಹತ್ತರ ಬಳಿಕ ಆ ಶಾಸ್ತ್ರವನ್ನೇ ಬಿಟ್ಟವರಿಗೆ ಅದರಿಂದ ಬಂದ ಲಾಭವೇನು? ಶಾಲೆಯು ಕೈಬಿಟ್ಟುದನ್ನು ಮನೆಯು ಎತ್ತಿಕೊಳ್ಳಬೇಕಾಗುವುದು.

ಈಗಿನ ಕೋತಿಯು ನಮ್ಮ ಅಜ್ಜನಲ್ಲ, ದಾಯಾದಿ. ನಮಗೆ ಹೆಚ್ಚು ಹತ್ತಿರದ ದಾಯಾದಿಯಾದ ಚಿಂಪಾಂಜಿಯ ವಂಶವೂ ನಮ್ಮ ವಂಶವೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಒಂದೇ ಮೂಲದಿಂದ ಕವಲೊಡೆದವು. ಮುತ್ತಜ್ಜನ ಮಕ್ಕಳಲ್ಲಿ ಒಬ್ಬನ ಸಂತತಿಯು ಪಟ್ಟಣ ಸೇರಿತೆಂದು ಇನ್ನೊಬ್ಬನ ಸಂತತಿಯು ಊರಿನಲ್ಲಿ ಉಳಿಯಬಾರದೆಂದು ಯಾರೂ ಹೇಳರಷ್ಟೆ. ಬಾಗಿದ ವಾನರನು ಹೆಜ್ಜೆಹೆಜ್ಜೆಗೂ ನೆಟ್ಟಗಾಗುತ್ತ ಮನುಷ್ಯನಾಗುವ ಆ ಪ್ರಸಿದ್ಧ ಚಿತ್ರಪಂಕ್ತಿಯನ್ನು 1965ರ ಒಂದು ಪುಸ್ತಕಕ್ಕಾಗಿ ರುಡಾಲ್ಫ್ ಜಾಲಿಂಗರ್ ಎಂಬ ಚಿತ್ರಕಾರನು ಬರೆದನು. ಅದನ್ನು ಗೋಡೆಯಿಂದ ಇಳಿಸಿದರೆ ಅರ್ಧ ಪಾಠವಾದಂತೆಯೇ.

ಅದರ ಬದಲು ಕೊಡಬೇಕಾದುದು ಸಾಕ್ಷ್ಯ. ಹುಡುಗನು ಒದ್ದೆಗಾಲನ್ನು ನೆಲದ ಮೇಲೆ ಊರಲಿ. ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲಿಯೇ ಇರುವುದನ್ನು ಕಾಣುವನು. ಚಿಂಪಾಂಜಿಯ ಪಾದದಲ್ಲಾದರೋ ಅದು ಕೈಯ ಹೆಬ್ಬೆರಳಿನಂತೆ ಬೇರೆಯಾಗಿ ಚಾಚಿರುವುದು. ಆ ಬಳಿಕ 1978ರಲ್ಲಿ ಮೇರಿ ಲೀಕಿಯವರ ತಂಡವು ಟಾಂಜಾನಿಯಾದ ಲೇಟೋಲಿಯಲ್ಲಿ ಕಂಡ ಹೆಜ್ಜೆಗುರುತುಗಳ ಚಿತ್ರವನ್ನು ತೋರಿಸಬೇಕು. ಜ್ವಾಲಾಮುಖಿಯ ಬೂದಿಯಲ್ಲಿ ಅಚ್ಚೊತ್ತಿ ನಿಂತ ಆ ಹೆಜ್ಜೆಗಳಿಗೆ ಸುಮಾರು 36 ಲಕ್ಷ ವರ್ಷ. ವಯಸ್ಸನ್ನು ಹೇಗೆ ಬಲ್ಲರು? ಬೂದಿಯಲ್ಲಿರುವ ಪೊಟ್ಯಾಸಿಯಂ ಧಾತುವಿನ ಒಂದಂಶವು ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗುವುದು. ಸೇರಿದ ಅನಿಲವನ್ನು ಅಳೆದರೆ ಕಾಲವು ತಿಳಿಯುವುದು. ಇಥಿಯೋಪಿಯಾದಲ್ಲಿ 1974ರಲ್ಲಿ ದೊರೆತ ‘ಲೂಸಿ’ಯ ಎಲುಬುಗಳು ಸುಮಾರು 32 ಲಕ್ಷ ವರ್ಷಗಳವು. ಅವಳ ಮಿದುಳು ಚಿಂಪಾಂಜಿಯದಕ್ಕಿಂತ ಬಹಳ ದೊಡ್ಡದಲ್ಲ. ಮೊಣಕಾಲು ಮಾತ್ರ ನೆಟ್ಟಗೆ ನಡೆಯುವವರದು. ನಡಿಗೆ ಮೊದಲು, ದೊಡ್ಡ ಮಿದುಳು ಬಹುಕಾಲದ ಮೇಲೆ.

ಈ ಕ್ರಮವನ್ನು ವಿದ್ವಾಂಸರು ಒಪ್ಪುವುದಕ್ಕೆ ಎಷ್ಟು ತಡವಾಯಿತೆಂಬ ಕಥೆಯನ್ನು ವಿದ್ಯಾರ್ಥಿಗೆ ಅವಶ್ಯವಾಗಿ ಹೇಳಬೇಕು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನಿನಿಂದ ದೊಡ್ಡ ತಲೆಯೂ ವಾನರನ ದವಡೆಯೂ ಉಳ್ಳ ‘ಆದಿಮಾನವ’ನೊಬ್ಬನನ್ನು ತಂದು ನಿಲ್ಲಿಸಿದರು. ಬುದ್ಧಿಯೇ ಮೊದಲು ಬೆಳೆಯಿತೆಂದು ನಂಬಿದವರಿಗೆ ಅವನು ಬಹು ಪ್ರಿಯನಾದನು. ಆದುದರಿಂದ 1925ರಲ್ಲಿ ರೇಮಂಡ್ ಡಾರ್ಟ್ ಎಂಬವರು ದಕ್ಷಿಣ ಆಫ್ರಿಕದ ಟೌಂಗ್‌ನಲ್ಲಿ ದೊರೆತ, ಸಣ್ಣ ಮಿದುಳಿದ್ದರೂ ನೆಟ್ಟಗೆ ನಡೆಯುತ್ತಿದ್ದಿರಬೇಕಾದ ಮಗುವಿನ ತಲೆಬುರುಡೆಯನ್ನು ಪ್ರಕಟಿಸಿದಾಗ, ಅನೇಕ ಪಂಡಿತರು ಅದನ್ನು ಬರಿಯ ವಾನರವೆಂದು ಬದಿಗೊತ್ತಿದರು. 1953ರಲ್ಲಿ ಪರೀಕ್ಷೆಯು ನಡೆಯಿತು: ಪಿಲ್ಟ್‌ಡೌನಿನ ಬುರುಡೆಯು ಮನುಷ್ಯನದು, ದವಡೆಯು ಒರಾಂಗುಟಾನಿನದು, ಹಲ್ಲುಗಳನ್ನು ಅರದಿಂದ ಉಜ್ಜಿ, ಎಲುಬಿಗೆ ಬಣ್ಣ ಹಿಡಿಸಿದ್ದರು! ಮೋಸವನ್ನು ಮಾಡಿದುದೂ ಮನುಷ್ಯರೇ, ಹಿಡಿದುದೂ ವಿಜ್ಞಾನದ ಮಾರ್ಗದಿಂದಲೇ. ವಿಕಾಸವನ್ನು ನಂಬಬೇಕೋ ಬೇಡವೋ ಎಂದು ವಾದಿಸುವ ಹುಡುಗನಿಗೆ ನಮ್ಮ ಉಪನ್ಯಾಸಕ್ಕಿಂತ ಈ ಒಂದು ಪ್ರಸಂಗವು ಹೆಚ್ಚು ಉಪಕಾರಿ.

ಸಾಮಗ್ರಿಗೆ ಬಡತನವಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯು ಅಂತರ್ಜಾಲದಲ್ಲಿ ಇಟ್ಟಿರುವ ತಲೆಬುರುಡೆಗಳ ಪ್ರತಿರೂಪಗಳನ್ನು ಮನೆಯಲ್ಲಿಯೇ ಕುಳಿತು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದು. ಇಂಗ್ಲಿಷ್ ಬಲ್ಲವರಿಗೆ ಲೂಸಿಯನ್ನು ಕಂಡ ಡೊನಾಲ್ಡ್ ಜೋಹಾನ್ಸನ್ ಅವರು ಎಡೀ ಎಂಬವರೊಡನೆ 1981ರಲ್ಲಿ ಬರೆದ ‘ಲೂಸಿ’ಯು ಕಾದಂಬರಿಯಂತೆ ಓದಿಸಿಕೊಳ್ಳುವುದು. ಹಳೆಯ ಪುಸ್ತಕವಾದುದರಿಂದ ನಿಯಾಂಡರ್ಥಾಲರ ವಂಶಧಾತುವು ಆಫ್ರಿಕದ ಹೊರಗಿನ ಜನರಲ್ಲಿ ಅಲ್ಪಸ್ವಲ್ಪ ಬೆರೆತಿದೆಯೆಂದು 2010ರಲ್ಲಿ ತಿಳಿದುಬಂದ ಸಂಗತಿಯು ಅದರಲ್ಲಿರದು. ಅದನ್ನು ನಾವು ಬಾಯಲ್ಲಿ ಹೇಳಿದರಾಯಿತು.

ಆಫ್ರಿಕವು ದೂರವೆನ್ನುವವರು ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯನ್ನು ನೆನೆಯಬೇಕು. ಅಲ್ಲಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗೆದು ತೆಗೆಸಿದ ಸುಣ್ಣಕಲ್ಲಿನ ಕೈಕೊಡಲಿಗಳು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವೆಂದು ಎಣಿಕೆ. ಕಲ್ಲು ಸಿಗುವಲ್ಲಿಯೇ ಕುಳಿತು ಆಯುಧ ಮಾಡಿದವರ ಚಕ್ಕೆಗಳು ಚೆಲ್ಲಿದಂತೆಯೇ ಬಿದ್ದಿದ್ದುವು. ಮಾಡಿದವರ ಎಲುಬು ಮಾತ್ರ ಅಲ್ಲಿ ದೊರೆತಿಲ್ಲ. ಅವರು ಯಾವ ಕವಲಿನವರೆಂಬ ಪ್ರಶ್ನೆಯನ್ನು ವಿದ್ಯಾರ್ಥಿಯ ಮುಂದೆ ಹಾಗೆಯೇ ಇಡಬಹುದು.