ಬಳ್ಳಿಯ ರಕ್ತ ಯಾರ ಪಾಲು?

ಏಳನೇ ತಿಂಗಳ ತಪಾಸಣೆಗೆ ಹೋದ ಬಸುರಿಯ ಕೈಗೆ ಈಗೀಗ ಸ್ಕ್ಯಾನಿಂಗ್ ವರದಿಯ ಜೊತೆ ಬಣ್ಣದ ಕರಪತ್ರವೊಂದೂ ಬರುವುದುಂಟು. ಕೂಸಿನ ಹೊಕ್ಕುಳಬಳ್ಳಿಯ ರಕ್ತ ಕೂಡಿಡಿ, 80 ಕಾಯಿಲೆಗೆ ಮದ್ದು, ಹಣ ಕಂತಿನಲ್ಲಿ ಕಟ್ಟಬಹುದು. ಅದರ ಬೆನ್ನಿಗೇ ವಾಟ್ಸಾಪ್ ಸಂದೇಶ: ಒಣಗಿ ಉದುರಿದ ಹೊಕ್ಕುಳಕುಡಿಯನ್ನು ನಮ್ಮ ಅಜ್ಜಿಯರು ಬೆಳ್ಳಿ ತಾಯತದಲ್ಲಿಟ್ಟು ಮಗುವಿಗೆ ಕಟ್ಟುತ್ತಿದ್ದುದು ಸ್ಟೆಮ್ ಸೆಲ್ ವಿಷಯ ಗೊತ್ತಿದ್ದರಿಂದಲೇ ಅಂತೆ! ಅಜ್ಜಿಯರ ಮೇಲೆ ನನಗೂ ಅಭಿಮಾನವಿದೆ. ಆದರೆ ಒಣಗಿ ಕರಿಕಟ್ಟಿದ ಕುಡಿಯಲ್ಲಿ ಜೀವಂತ ಕೋಶ ಒಂದೂ ಉಳಿದಿರುವುದಿಲ್ಲ. ಜೀವ ಇರುವುದು ಹಸಿ ಬಳ್ಳಿಯೊಳಗಿನ ರಕ್ತದಲ್ಲಿ.

ಮೂಳೆಮಜ್ಜೆಯಲ್ಲಿರುವಂತೆ ಆ ರಕ್ತದಲ್ಲೂ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳಿವೆ. ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಎಲ್ಲವೂ ಹುಟ್ಟುವುದು ಇವುಗಳಿಂದ. ಸಂಗ್ರಹಿಸುವ ಕೆಲಸ ನೋಡಲು ಸರಳ. ಮಗುವನ್ನು ಬೇರ್ಪಡಿಸಿದ ಮೇಲೆ ಬಳ್ಳಿಯ ದಪ್ಪ ಅಭಿಧಮನಿಗೆ ಸೂಜಿ ಚುಚ್ಚಿ, ಚೀಲವನ್ನು ಮಂಚದ ಮಟ್ಟಕ್ಕಿಂತ ಕೆಳಗೆ ಹಿಡಿಯುತ್ತಾರೆ. ಮಾಸಿನಲ್ಲಿ ಉಳಿದ ರಕ್ತ ತಾನಾಗಿಯೇ ಇಳಿಯುತ್ತದೆ. ಹೆಪ್ಪುಗಟ್ಟದಂತೆ ಚೀಲವನ್ನು ಮೆಲ್ಲಗೆ ಅಲುಗಾಡಿಸುತ್ತಿರಬೇಕು. ಐದೇ ನಿಮಿಷ, ಸಿಗುವುದು ಸಾಮಾನ್ಯವಾಗಿ 60ರಿಂದ 100 ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು. ತಾಯಿಗೂ ಮಗುವಿಗೂ ನೋವಿಲ್ಲ. ಪ್ರಯೋಗಾಲಯದಲ್ಲಿ ಕೆಂಪುಕಣಗಳನ್ನು ತೆಗೆದು, ಮಂಜುಹರಳು ಕೋಶಗಳನ್ನು ಸೀಳದಿರಲೆಂದು ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ತಣಿಸುತ್ತ ಬಂದು, ಕೊನೆಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಟ್ಯಾಂಕಿಗೆ ಇಳಿಸುತ್ತಾರೆ. ಮುಂದೆಂದೋ ಅದನ್ನು ಕರಗಿಸಿ ರೋಗಿಗೆ ಏರಿಸುವಾಗ ಈ ಡಿಎಂಎಸ್‌ಒ ದೆಸೆಯಿಂದ ವಾರ್ಡಿನಲ್ಲಿ ಬೆಳ್ಳುಳ್ಳಿ ವಾಸನೆ ಹಬ್ಬುತ್ತದೆ.

ಹೀಗೆ ಏರಿಸಿದ್ದು ಮೊದಲು 1988ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ವೈದ್ಯೆ ಎಲಿಯಾನ್ ಗ್ಲುಕ್‌ಮನ್. ರೋಗಿ ಅಮೆರಿಕದ ಪುಟ್ಟ ಹುಡುಗ. ಅವನಿಗಿದ್ದದ್ದು ಫ್ಯಾಂಕೋನಿ ಅನೀಮಿಯಾ, ಮಜ್ಜೆ ಕ್ರಮೇಣ ರಕ್ತ ತಯಾರಿಸುವುದನ್ನೇ ಬಿಡುವ ವಂಶವಾಹಿ ಕಾಯಿಲೆ. ಆಗತಾನೇ ಹುಟ್ಟಿದ್ದ ತಂಗಿಯ ಬಳ್ಳಿಯ ರಕ್ತವನ್ನು ಇಂಡಿಯಾನಾದ ವಿಜ್ಞಾನಿ ಹಾಲ್ ಬ್ರಾಕ್ಸ್‌ಮೇಯರ್ ತಮ್ಮ ಪ್ರಯೋಗಾಲಯದಲ್ಲಿ ಶೈತ್ಯೀಕರಿಸಿ ಇಟ್ಟಿದ್ದರು. ಅದು ಸಾಗರ ದಾಟಿ ಬಂತು, ಹುಡುಗ ಗುಣವಾದ.

ಗಮನಿಸಿ, ಅದು ತಂಗಿಯ ರಕ್ತ. ಅವನದೇ ರಕ್ತ ಕೂಡಿಟ್ಟಿದ್ದರೆ ಮೂರು ಕಾಸಿನ ಉಪಯೋಗವಿರಲಿಲ್ಲ, ಕೆಟ್ಟ ವಂಶವಾಹಿ ಅದರಲ್ಲೂ ಇರುತ್ತಿತ್ತು. ಥಲಸೀಮಿಯಾ, ಸಿಕಲ್ ಸೆಲ್ ಕಾಯಿಲೆಗಳದೂ ಇದೇ ಕಥೆ. ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಂತೂ ಎಷ್ಟೋ ಸಲ ರೋಗದ ಮೊದಲ ಬೀಜ ಹುಟ್ಟುವಾಗಲೇ ರಕ್ತದಲ್ಲಿರುತ್ತದೆ. ಕರಪತ್ರದ 80 ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಇನ್ನೊಬ್ಬರ ಆರೋಗ್ಯವಂತ ಕೋಶ, ನಮ್ಮದೇ ಹಳೆಯ ಕೋಶವಲ್ಲ. ಬಳ್ಳಿಯ ರಕ್ತದ ನಿಜವಾದ ಹೆಚ್ಚುಗಾರಿಕೆ ಇರುವುದೂ ಅಲ್ಲೇ. ಹಸುಗೂಸಿನ ರೋಗನಿರೋಧಕ ಕೋಶಗಳು ಇನ್ನೂ ಯಾರ ಜೊತೆಗೂ ಜಗಳ ಆಡಿ ಪಳಗಿದವಲ್ಲ. ಆದ್ದರಿಂದ ಮಜ್ಜೆಯ ಕಸಿಗೆ ಬೇಕಾಗುವಷ್ಟು ಕರಾರುವಾಕ್ಕಾದ ಹೊಂದಾಣಿಕೆ ಇಲ್ಲದಿದ್ದರೂ ಅನ್ಯರ ಮೈಯಲ್ಲಿ ಅವು ಒಗ್ಗುತ್ತವೆ. ರಕ್ತ ಕ್ಯಾನ್ಸರ್ ಜೊತೆಗೆ ಎಚ್‌ಐವಿಯೂ ಇದ್ದ ಮಹಿಳೆಯೊಬ್ಬರು ನ್ಯೂಯಾರ್ಕ್‌ನಲ್ಲಿ ಎಚ್‌ಐವಿಯಿಂದ ಮುಕ್ತರಾದಂತಿದೆ ಎಂದು ವೈದ್ಯರು 2022ರಲ್ಲಿ ಪ್ರಕಟಿಸಿದರಲ್ಲ, ಅವರಿಗೆ ಕೊಟ್ಟದ್ದರಲ್ಲೂ ಯಾರದೋ ಮಗುವಿನ ಬಳ್ಳಿಯ ರಕ್ತವಿತ್ತು.

ಇನ್ನೊಂದು ತೊಡಕು ಲೆಕ್ಕದ್ದು. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು 2.5 ಕೋಟಿ ಕೋಶ ಬೇಕು. 60 ಕಿಲೋ ತೂಗುವವರಿಗೆ 150 ಕೋಟಿ ಆಯಿತು. ಎಷ್ಟೋ ಚೀಲಗಳಲ್ಲಿ ಅಷ್ಟು ಇರುವುದೇ ಇಲ್ಲ, ದೊಡ್ಡವರಿಗೆ ಎರಡು ಮಕ್ಕಳ ಚೀಲ ಸೇರಿಸಿ ಕೊಡುವುದು ಅದಕ್ಕೇ. ‘ಜೀವನಪೂರ್ತಿ ಭದ್ರತೆ’ ಎಂದು ಹೇಳಲು ಬಂದವರನ್ನು ನಮ್ಮ ಚೀಲದಲ್ಲಿ ಎಷ್ಟು ಕೋಟಿ ಎಂದು ಕೇಳಿ ನೋಡಿ.

ಬಳ್ಳಿಯ ರಕ್ತ ಕೂಡಿಡುವ ಜಾಗಕ್ಕಿರುವ ಬ್ಯಾಂಕ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ ಅನ್ನಿಸುತ್ತದೆ. ಸಾರ್ವಜನಿಕ ಬ್ಯಾಂಕು ರಕ್ತನಿಧಿಯಂತೆ: ಕೊಟ್ಟದ್ದು ಹೊಂದಿಕೆಯಾದವರಿಗೆ. ಖಾಸಗಿಯದು ಫಿಕ್ಸೆಡ್ ಡಿಪಾಸಿಟ್‌ನಂತೆ. ಆದರೆ ಮಗು ತನ್ನ ರಕ್ತವನ್ನು ತಾನೇ ಬಳಸುವ ಸಂಭವ ಬಹಳ ಕಡಿಮೆ, ಭಾರತೀಯ ಮಕ್ಕಳ ವೈದ್ಯರ ಸಂಘ 2018ರಲ್ಲಿ ಉಲ್ಲೇಖಿಸಿದಂತೆ ಶೇ. 0.04ಕ್ಕೂ ಕೆಳಗೆ. ಐಸಿಎಂಆರ್ ಕೂಡ ಖಾಸಗಿ ಶೇಖರಣೆಯನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಥಲಸೀಮಿಯಾದಂಥ ಕಾಯಿಲೆಯ ಅಣ್ಣನೋ ಅಕ್ಕನೋ ಇದ್ದರೆ ಮಾತು ಬೇರೆ. ಆಗ ಕೂಡಿಡುವುದೇ ಜಾಣತನ. ಇತ್ತೀಚೆಗೆ ಅಪ್ಪ ಅಮ್ಮಂದಿರ ಅರ್ಧ ಹೊಂದುವ ಮಜ್ಜೆಯನ್ನೇ ಕಸಿ ಮಾಡುವ ವಿಧಾನ ಬಲಗೊಂಡು, ಬಳ್ಳಿಯ ರಕ್ತಕ್ಕೆ ಬೇಡಿಕೆ ಇಳಿದಿದೆ ಕೂಡ.

ಕರಪತ್ರ ಹೇಳದ ಒಂದು ಸಂಗತಿ ಇದೆ. ಮಗು ಹೊರಬಂದ ಮೇಲೂ ಬಳ್ಳಿ ಸ್ವಲ್ಪ ಹೊತ್ತು ಮಿಡಿಯುತ್ತಲೇ ಇರುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಮಾಸಿನ ರಕ್ತ ಮಗುವಿನತ್ತ ಹರಿಯುತ್ತದೆ, ಮೊದಲ ನಿಮಿಷದಲ್ಲೇ ಸುಮಾರು 80 ಮಿಲಿಲೀಟರ್. ಅದರ ಕಬ್ಬಿಣಾಂಶ ಮುಂದಿನ ತಿಂಗಳುಗಳಿಗೆ ಬುತ್ತಿ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಒಂದು ನಿಮಿಷಕ್ಕೆ ಮುಂಚೆ ಬಳ್ಳಿಗೆ ಕ್ಲಿಪ್ ಹಾಕಬೇಡಿ ಎನ್ನುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇರುವ ದೇಶ ನಮ್ಮದು. ಬಳ್ಳಿಯ ನೀಲಿ ಅಳಿದು ಬೆಳ್ಳಗಾಗುವವರೆಗೆ ಕಾದರೆ ಚೀಲಕ್ಕೆ ಉಳಿಯುವುದು ಕಡಿಮೆ. ಚೀಲ ತುಂಬಲೆಂದು ಅವಸರ ಮಾಡಿದರೆ ಕಡಿಮೆಯಾಗುವುದು ಮಗುವಿನ ಪಾಲು. ಹೆರಿಗೆ ಕೋಣೆಯಲ್ಲಿ ಅಷ್ಟು ಹೊತ್ತಿಗೆ ಸೂಜಿ ಹಿಡಿದು ನಿಂತವರ ಕಣ್ಣು ಗಡಿಯಾರದ ಮೇಲಿರುತ್ತದೆ.